ಸದ್ದಿಲ್ಲದ ಚೀಲ ಹೊಲಿಯುವುದು ಹೇಗೆ?

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಒಂದು ಮುಂಜಾನೆ ಮುಕ್ಕಾಲು ಗಂಟೆ ಅಲುಗಾಡದೆ ಕುಳಿತಿದ್ದೆ. ಇಪ್ಪತ್ತು ಇಪ್ಪತ್ತೈದು ಕೃಷ್ಣಮೃಗಗಳು ಮೇಯುತ್ತ ಮೇಯುತ್ತ ನನ್ನತ್ತಲೇ ಬರುತ್ತಿದ್ದವು. ಗಂಡಿನ ಕೊಂಬಿನ ತಿರುವುಗಳು ಬರಿಗಣ್ಣಿಗೇ ಕಾಣುವಷ್ಟು ಹತ್ತಿರವಾದಾಗ, ಬೈನಾಕ್ಯುಲರ್ ತೆಗೆಯಲೆಂದು ಸೊಂಟದ ಚೀಲದ ವೆಲ್ಕ್ರೋ ಎಳೆದೆ. ಚರ್ರ್ ಎಂದಿತು. ಅಷ್ಟೂ ತಲೆಗಳು ಒಮ್ಮೆಗೇ ಮೇಲೆದ್ದವು. ಒಂದು ಹೆಣ್ಣು ನಾಲ್ಕೂ ಕಾಲು ಎತ್ತಿ ನೆಟ್ಟಗೆ ಜಿಗಿಯಿತು, ಅದರ ಹಿಂದೆ ಇಡೀ ಹಿಂಡು ಓಡಿತು. ದೂಳು ಅಡಗುವಷ್ಟರಲ್ಲಿ ಬಯಲು ಬರಿದಾಗಿತ್ತು. ಆ ಪ್ರಾಣಿಗಳ ಬೆಳಗಿನ ಮೇವನ್ನು ಕೆಡಿಸಿದೆನಲ್ಲ ಎಂಬ ಸಂಕಟ ಊರು ಸೇರಿದರೂ ಹೋಗಲಿಲ್ಲ. ತುಮಕೂರಿಗೆ ಮರಳಿದ ಸಂಜೆಯೇ ಹೊಸ ಚೀಲ ಹೊಲಿಯಲು ಕುಳಿತೆ. ಇದುವರೆಗೆ ಐದು ಹೊಲಿದಿದ್ದೇನೆ.

ಬಟ್ಟೆಯ ಸದ್ದಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಂಡವರು ಹೊರದೇಶಗಳ ಬೇಟೆಗಾರರು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ಕೃಷ್ಣಮೃಗಕ್ಕಂತೂ ಅದರ ಮೊದಲ ಅನುಸೂಚಿಯ, ಅಂದರೆ ಎಲ್ಲಕ್ಕಿಂತ ಬಿಗಿಯಾದ, ರಕ್ಷಣೆಯಿದೆ. ಅದು ಹಾಗೆಯೇ ಇರಲಿ. ಆದರೆ ಪ್ರಾಣಿಯ ಕಿವಿಗೆ ಬೀಳದಂತೆ ಇರುವ ವಿದ್ಯೆ ಕ್ಯಾಮೆರಾ ಹಿಡಿದವರಿಗೂ ಹಕ್ಕಿ ನೋಡುವವರಿಗೂ ಅಷ್ಟೇ ಬೇಕು.

ಬಟ್ಟೆ ಸದ್ದು ಮಾಡುವುದು ಎರಡು ಕಾರಣಕ್ಕೆ. ಒಂದು, ಬಿರುಸು. ನೀರು ಇಳಿಯದಂತೆ ಲೇಪನ ಹಾಕಿದ ನೈಲಾನ್ ಮಡಿಚಿದಾಗಲೆಲ್ಲ ಪರಪರ ಎನ್ನುತ್ತದೆ. ಇನ್ನೊಂದು, ಮೈಯ ನುಣುಪು. ನೈಲಾನಿನ ಎಳೆ ಉದ್ದಕ್ಕೂ ನುಣ್ಣಗಿರುತ್ತದೆ. ಒಂದಕ್ಕೊಂದು ಉಜ್ಜಿದರೆ ಸರ್ ಸರ್ ಎನ್ನುತ್ತದೆ. ಹತ್ತಿ ಮತ್ತು ಉಣ್ಣೆಯ ನೂಲು ಚಿಕ್ಕ ಚಿಕ್ಕ ನಾರುಗಳನ್ನು ಹೊಸೆದು ಮಾಡಿದ್ದು. ಮೈಮೇಲೆ ಸಣ್ಣ ಜುಂಗು ಇರುತ್ತದೆ, ಅದು ಉಜ್ಜಾಟವನ್ನು ಮೆತ್ತಗೆ ನುಂಗಿಕೊಳ್ಳುತ್ತದೆ. ನಮಗೆ ಕೇಳಿಸದಿದ್ದರೆ ಸಾಕು ಎಂದುಕೊಳ್ಳಬೇಡಿ. ಮನುಷ್ಯನ ಕಿವಿ 20 ಕಿಲೋಹರ್ಟ್ಸ್‌ವರೆಗಿನ ಸ್ವರ ಹಿಡಿದರೆ ಹೆಚ್ಚು. ಕುರಿಯ ಕಿವಿ 40 ಕಿಲೋಹರ್ಟ್ಸ್ ದಾಟಿದ್ದನ್ನೂ ಹಿಡಿಯುತ್ತದೆ.

ಮೊದಲ ಹೆಜ್ಜೆ ಅಂಗಡಿಯಲ್ಲಿ. ಎಂ.ಜಿ. ರಸ್ತೆಯ ಗದ್ದಲದಲ್ಲಿ ಎಲ್ಲ ಬಟ್ಟೆಯೂ ಮೌನವಾಗಿಯೇ ತೋರುತ್ತದೆ. ಹಾಗಾಗಿ ಒಳಗಿನ ಮೂಲೆಗೆ ಹೋಗಿ, ಬಟ್ಟೆಯ ತುದಿಯನ್ನು ಕಿವಿಯ ಪಕ್ಕ ಹಿಡಿದು ಮೂರು ಪರೀಕ್ಷೆ ಮಾಡಿ: ಬಟ್ಟೆಗೆ ಬಟ್ಟೆ ಉಜ್ಜಿ, ಮುಷ್ಟಿಯಲ್ಲಿ ಹಿಂಡಿ ಬಿಡಿ, ಉಗುರಿನಿಂದ ಗೀರಿ. ಕೊನೆಯದನ್ನು ಬಿಡಲೇಬೇಡಿ. ಜಾಲಿ ಮುಳ್ಳು, ಒಣ ಹುಲ್ಲಿನ ಕಡ್ಡಿ ಚೀಲಕ್ಕೆ ತಾಗಿದಾಗ ಬರುವ ಸದ್ದು ಆ ಉಗುರಿನ ಸದ್ದೇ. ಹಿಡಿಸಿದರೂ ಒಮ್ಮೆಗೇ ಮೀಟರುಗಟ್ಟಲೆ ಕೊಳ್ಳಬೇಡಿ. ಒಂದು ಚೀಲಕ್ಕೆ ಕಟ್‌ಪೀಸ್ ಸಾಕು.

ಯಾವ ಬಟ್ಟೆ? ಹೊರಮೈಗೆ ನನ್ನ ಮೊದಲ ಆಯ್ಕೆ ಹತ್ತಿಯ ಡ್ರಿಲ್ (ಓರೆ ನೇಯ್ಗೆಯ ಗಟ್ಟಿ ಬಟ್ಟೆ) ಅಥವಾ ಹಲವು ಬಾರಿ ಒಗೆದು ಮೆತ್ತಗಾದ ಕ್ಯಾನ್ವಾಸ್. ಹಳೆಯ ಜೀನ್ಸ್ ಪ್ಯಾಂಟಿನ ಕಾಲಿನ ಭಾಗವೂ ಅಷ್ಟೇ ಒಳ್ಳೆಯದು, ದುಡ್ಡೂ ಬೇಡ. ಖಾದಿ ಮೌನವೇನೋ ಹೌದು, ಆದರೆ ತೆಳು ಖಾದಿ ಭಾರ ತಡೆಯದೆ ಹೊಲಿಗೆಯ ಬಳಿ ಬಾಯಿ ಬಿಡುತ್ತದೆ. ಕಾರ್ಡುರಾಯ್ ಕೈಗೆ ಹಿತವಾಗಿದೆಯೆಂದು ಮೋಸ ಹೋಗಬೇಡಿ: ಅದರ ದಪ್ಪ ಗೀರುಗಳು ಪ್ಯಾಂಟಿಗೆ ಉಜ್ಜಿ ಹೆಜ್ಜೆ ಹೆಜ್ಜೆಗೂ ಜಿರ್ ಎನ್ನುತ್ತವೆ. ರೆಕ್ಸಿನ್ ಕಡೆಗೆ ನೋಡುವುದೇ ಬೇಡ.

ಚಳಿಯ ಜಾಕೆಟ್ಟುಗಳಿಗೆ ಬಳಸುವ, ಜುಂಗಿನ ಮೆತ್ತನೆಯ ಫ್ಲೀಸ್ ಬಟ್ಟೆಗೆ ಸದ್ದೇ ಇಲ್ಲ. ಆದರೆ ಹೊರಮೈಗೆ ಹಾಕಿದರೆ ಒಂದೇ ಓಡಾಟಕ್ಕೆ ಉತ್ತರಾಣಿ ಬೀಜ, ಹುಲ್ಲಿನ ಊಬು ಎಲ್ಲ ಕಚ್ಚಿಕೊಳ್ಳುತ್ತವೆ. ಕಿತ್ತು ತೆಗೆಯಲು ಸಂಜೆಯೆಲ್ಲ ಬೇಕು. ಅದನ್ನು ಒಳಗಿನ ಅಸ್ತರಿಗೆ ಬಳಸಿ, ಇಲ್ಲವೇ ಫ್ಲಾನೆಲ್ ಹಾಕಿ. ಇನ್ನು ಕುರಿ ಕಂಬಳಿ. ಹಳೆಯ ಕಂಬಳಿಯ ತುಂಡನ್ನು ಹಾಸಿ ಅದರ ಮೇಲೆ ಬೀಗದ ಕೈ ಬೀಳಿಸಿ ನೋಡಿ, ಧಪ್ ಎಂಬುದೂ ಕೇಳಿಸದು. ಸೊಂಟಕ್ಕೂ ತೊಡೆಗೂ ತಾಗುವ ಹಿಂಬದಿಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಅಸ್ತರಿಗೂ ಹೊರಬಟ್ಟೆಗೂ ನಡುವೆ ಮೆತ್ತೆಯಾಗಿಯೂ ಅದನ್ನೇ ಇಡಿ. ಅಗ್ಗದ ಫೋಮ್ ಒತ್ತಿದಾಗ ಕಿರ್ ಎನ್ನುತ್ತದೆ.

ಕತ್ತರಿಸುವ ಮೊದಲು ಹೊರಬಟ್ಟೆ, ಅಸ್ತರು ಎರಡನ್ನೂ ಮೂರು ಬಾರಿ ಬಿಸಿನೀರಿನಲ್ಲಿ ಒಗೆಯಿರಿ. ಹೊಸ ಹತ್ತಿಬಟ್ಟೆಯ ಗಂಜಿ ಹೋಗಬೇಕು, ಕುಗ್ಗುವುದೆಲ್ಲ ಈಗಲೇ ಕುಗ್ಗಬೇಕು. ಇಲ್ಲದಿದ್ದರೆ ಹೊಲಿದ ಮೇಲೆ ಒಂದು ಕುಗ್ಗಿ ಇನ್ನೊಂದು ಹಾಗೆಯೇ ಉಳಿದು ಚೀಲ ಸೊಟ್ಟಗಾಗುತ್ತದೆ. ಬಿಳುಪಿನ ಹೊಳಪು ಕೊಡುವ ಪುಡಿ ಬೇಡ, ಸಾದಾ ಸೋಪು ಸಾಕು. ಆ ಪುಡಿ ಬಿಟ್ಟುಹೋಗುವ ಹೊಳಪು ನೇರಳಾತೀತ ಬೆಳಕಿನಲ್ಲಿ ಮಿನುಗುತ್ತದೆ, ಹಕ್ಕಿಗಳಲ್ಲಿ ಬಹಳಷ್ಟಕ್ಕೆ ಆ ಬೆಳಕು ಕಾಣುತ್ತದೆ.

ಅಳತೆ ತೀರ ಬಿಗಿಯಾಗಿರಬಾರದು. ಬಿಗಿ ಚೀಲದಿಂದ ವಸ್ತು ಎಳೆಯುವಾಗಲೇ ಸದ್ದಾಗುವುದು. ಬೈನಾಕ್ಯುಲರ್ ಸುತ್ತ ಟೇಪು ಹಿಡಿದು, ಬಂದ ಸುತ್ತಳತೆಗೆ 4 ಸೆಂ.ಮೀ. ಸಡಿಲ ಸೇರಿಸಿ; ಹೊಲಿಗೆಗೆಂದು ಪ್ರತಿ ಅಂಚಿಗೆ 1.5 ಸೆಂ.ಮೀ. ಬಿಡಿ. ಕಂಬಳಿಯ ಮೆತ್ತೆ ಇಡುವುದಾದರೆ ಅದರ ದಪ್ಪವನ್ನೂ ಲೆಕ್ಕಕ್ಕೆ ಹಿಡಿಯಿರಿ. ದಪ್ಪ ಬಟ್ಟೆಗೆ 16ನೇ ನಂಬರಿನ ಸೂಜಿ, ಪಾಲಿಯೆಸ್ಟರ್ ದಾರ. ಬೆಲ್ಟ್ ತೂರುವ ಪಟ್ಟಿಯನ್ನು ಬೆಲ್ಟಿನ ಅಗಲಕ್ಕೆ ಸರಿಯಾಗಿ ಹೊಲಿಯಿರಿ. ಸಡಿಲವಾದರೆ ಚೀಲ ನಡಿಗೆಗೆ ತಕ್ಕಂತೆ ತೊಡೆಗೆ ಬಡಿಯುತ್ತದೆ.

ಬಾಯಿ ಮುಚ್ಚುವ ಬಗೆಗೆ ಬಟ್ಟೆಯಷ್ಟೇ ಗಮನ ಬೇಕು. ವೆಲ್ಕ್ರೋ ಕೂಡದು, ಟಪ್ ಎನ್ನುವ ಪ್ರೆಸ್ ಬಟನ್ನೂ ಕೂಡದು. ಹತ್ತಿಯ ಲಾಡಿ ಹಾಕಿ ಸುರುಕಿ ಕಟ್ಟುವುದು ಎಲ್ಲಕ್ಕಿಂತ ಮೌನ, ಆದರೆ ಬಿಚ್ಚಲು ಎರಡು ಕೈ ಬೇಕು. ಮೇಲ್ಮುಚ್ಚಳಕ್ಕೆ ದಾರದ ಕುಣಿಕೆ, ಎದುರಿಗೆ ಮರದ ಅಥವಾ ತೆಂಗಿನ ಚಿಪ್ಪಿನ ಗುಂಡಿ ಇಟ್ಟರೆ ಒಂದೇ ಕೈಯಲ್ಲಿ ತೆರೆಯಬಹುದು. ನಾನು ನೆಚ್ಚಿಕೊಂಡಿರುವುದು ಇದನ್ನೇ. ಜಿಪ್ ಬೇಕೇ ಬೇಕೆಂದರೆ ಪ್ಲಾಸ್ಟಿಕ್ ಹಲ್ಲಿನದು ತನ್ನಿ, ಹಲ್ಲುಗಳಿಗೆ ಮೇಣದಬತ್ತಿ ಉಜ್ಜಿ, ಎಳೆಯುವ ಲೋಹದ ತುಂಡನ್ನು ತೆಗೆದು ಲಾಡಿ ಕಟ್ಟಿ. ಮ್ಯಾಗ್ನೆಟ್ ಬಳಸುವವರು ಅದನ್ನು ಎರಡು ಪದರ ಬಟ್ಟೆಯೊಳಗೆ ಹೊಲಿದು ಮುಚ್ಚಬೇಕು, ದಿಕ್ಸೂಚಿಯನ್ನು ದೂರ ಇಡಬೇಕು.

ಒಳಗಿನ ಸಾಮಾನು ಒಂದಕ್ಕೊಂದು ತಾಗದಂತೆ ಫ್ಲೀಸಿನ ಅಡ್ಡಗೋಡೆ ಹೊಲಿಯಿರಿ. ಹೆಚ್ಚುವರಿ ಬ್ಯಾಟರಿಗೆ ಒಂದು ಗೂಡು, ಲೆನ್ಸ್ ಮುಚ್ಚಳಕ್ಕೆ ಒಂದು.

ಕೊನೆಯ ಪರೀಕ್ಷೆ ರಾತ್ರಿ, ಊರು ಮಲಗಿದ ಮೇಲೆ. ಫ್ಯಾನ್ ಆರಿಸಿ, ಮನೆಯವರೊಬ್ಬರನ್ನು ಮೂರು ಹೆಜ್ಜೆ ದೂರದಲ್ಲಿ ಕಣ್ಣು ಮುಚ್ಚಿ ಕೂರಿಸಿ. ಚೀಲ ಕಟ್ಟಿಕೊಂಡು ನಡೆಯಿರಿ, ಕುಕ್ಕರುಗಾಲಿನಲ್ಲಿ ಕುಳಿತುಕೊಳ್ಳಿ, ತೆರೆಯಿರಿ, ವಸ್ತು ತೆಗೆಯಿರಿ, ಮುಚ್ಚಿ. ಸದ್ದು ಕೇಳಿದಾಗಲೆಲ್ಲ ಅವರು ಕೈ ಎತ್ತಬೇಕು. ನಮ್ಮ ಮನೆಯಲ್ಲಿ ಈ ಕೆಲಸ ಅಮ್ಮನದು. ಮೊದಲ ಚೀಲಕ್ಕೆ ಅವರ ಕೈ ಇಳಿಯಲೇ ಇಲ್ಲ. ಐದನೆಯದಕ್ಕೆ ಒಂದೇ ಸಲ ಎತ್ತಿದರು: ಹೆಗಲ ಪಟ್ಟಿಯ ತುದಿಗೆ ಹಾಕಿದ್ದ ಉಕ್ಕಿನ ಉಂಗುರ ಗುಂಡಿಗೆ ತಾಗಿತ್ತು. ಆಗಲೇ ಅದನ್ನು ಬಿಚ್ಚಿ, ಉಳಿದಿದ್ದ ಡ್ರಿಲ್ ಬಟ್ಟೆಯ ಕುಣಿಕೆ ಹೊಲಿದೆ.