100 ವಾಟ್‌ನದೋ, 80 ವಾಟ್‌ನದೋ: ಹೋಮ್ ಥಿಯೇಟರ್ ರಿಸೀವರ್ ಕೊಳ್ಳುವ ಮೊದಲು ನಾನು ಮಾಡಿದ ಪರೀಕ್ಷೆ

ಹನ್ನೊಂದು ವರ್ಷ ದುಡಿದ ನಮ್ಮ ಮನೆಯ ರಿಸೀವರ್ (ಟಿ.ವಿ., ಪ್ಲೇಯರ್‌ಗಳ ಧ್ವನಿಯನ್ನು ಪಡೆದು, ಹಿಗ್ಗಿಸಿ ಸ್ಪೀಕರ್‌ಗಳಿಗೆ ಕಳಿಸುವ ಪೆಟ್ಟಿಗೆ) ಕೆಟ್ಟಾಗ, ಸ್ಪೀಕರ್‌ಗಳು ಇನ್ನೂ ಗಟ್ಟಿಯಾಗಿದ್ದುದರಿಂದ ರಿಸೀವರನ್ನಷ್ಟೇ ಬದಲಿಸಲು ನಿರ್ಧರಿಸಿ ಮೈಸೂರಿನಿಂದ ಬೆಂಗಳೂರಿನ ಅಂಗಡಿಯೊಂದಕ್ಕೆ ಹೋಗಿದ್ದೆ. ನನ್ನ ಕೈಗೆಟುಕುವ ಬೆಲೆಯಲ್ಲಿ ಎರಡು ಮಾದರಿಗಳಿದ್ದವು. ಒಂದರ ಡಬ್ಬಿಯ ಮೇಲೆ 100 ವಾಟ್ ಎಂದೂ ಇನ್ನೊಂದರ ಮೇಲೆ 80 ವಾಟ್ ಎಂದೂ ಅಚ್ಚಾಗಿತ್ತು. ಮಾರಾಟದ ಹುಡುಗ ಎರಡರ ವಾಲ್ಯೂಮನ್ನೂ ಪರದೆಯ ಮೇಲೆ ಒಂದೇ ಅಂಕಿ ಬರುವಂತೆ ಇಟ್ಟು, ಒಂದೇ ಹಾಡನ್ನು ಕೇಳಿಸಿದ. 100 ವಾಟ್‌ನದು ತುಂಬು ದನಿಯಲ್ಲಿ, ಸ್ಪಷ್ಟವಾಗಿ ಹಾಡಿತು. ಇನ್ನೊಂದು ಅದರ ಮುಂದೆ ಸಪ್ಪೆಯೆನಿಸಿತು. ನಾನು ಅಂದೇ ಅದನ್ನು ಕೊಂಡುಬಿಡುತ್ತಿದ್ದೆ. ತಡೆದದ್ದು ನನ್ನ ವಿವೇಕವಲ್ಲ. ಅದರ ದಾಸ್ತಾನು ಮುಗಿದಿತ್ತು, ವಾರ ಕಾಯಬೇಕಿತ್ತು.

ಆ ವಾರ ಎರಡರ ಕೈಪಿಡಿಗಳನ್ನೂ ಇಳಿಸಿಕೊಂಡು ಕೊನೆಯ ಪುಟಗಳ ಸಣ್ಣ ಅಕ್ಷರಗಳನ್ನು ಓದಿದೆ. ಒಂದೇ ರಿಸೀವರ್‌ಗೆ ಎರಡು ಮೂರು ಬಗೆಯ ವಾಟ್ ಲೆಕ್ಕಗಳಿರುತ್ತವೆ. ಎರಡು ಚಾನೆಲ್‌ಗಳನ್ನು (ಒಂದೊಂದು ಸ್ಪೀಕರ್‌ಗೂ ಒಂದೊಂದು ಚಾನೆಲ್) ಒಟ್ಟಿಗೆ ದುಡಿಸಿ, 8 ಓಮ್ (ಓಮ್ ಎಂದರೆ ವಿದ್ಯುತ್ ತಡೆಯ ಅಳತೆ) ಸ್ಪೀಕರ್‌ಗೆ, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ, ಶೇಕಡಾ 0.1ಕ್ಕಿಂತ ಕಡಿಮೆ ವಿಕೃತಿಯಲ್ಲಿ (ಧ್ವನಿ ಮೂಲದಂತಿರದೆ ಕೆಡುವ ಪ್ರಮಾಣ) ಅಳೆದ ಅಂಕಿ ಒಂದು. ಒಂದೇ ಚಾನೆಲನ್ನು 6 ಓಮ್‌ಗೆ, 1 ಕಿಲೋಹರ್ಟ್ಸ್‌ನಲ್ಲಿ, ಶೇಕಡಾ 10 ವಿಕೃತಿಯವರೆಗೆ ಹಿಂಡಿ ತೆಗೆದ ದೊಡ್ಡ ಅಂಕಿ ಇನ್ನೊಂದು. ಡಬ್ಬಿಯ ಮೇಲೆ ಎದ್ದು ಕಾಣುವುದು ಬಹಳ ಸಲ ಈ ಎರಡನೆಯದೇ. ನಾನು ನೋಡುತ್ತಿದ್ದ ಎರಡರಲ್ಲೂ ಅಂಕಿ ಮೊದಲ ಬಗೆಯದಾಗಿದ್ದುದರಿಂದ ಹೋಲಿಕೆ ನ್ಯಾಯವಾಗಿಯೇ ಇತ್ತು. ಆದರೆ ಶಕ್ತಿ ಇಮ್ಮಡಿಯಾದರೆ ಸದ್ದು ಹೆಚ್ಚುವುದು 3 ಡೆಸಿಬೆಲ್ ಮಾತ್ರ. 80ಕ್ಕೂ 100ಕ್ಕೂ ನಡುವಿನ ಅಂತರ 1 ಡೆಸಿಬೆಲ್‌ನಷ್ಟೂ ಇಲ್ಲ, ಅದೂ ಎರಡನ್ನೂ ಪೂರ್ತಿ ತಿರುಗಿಸಿದಾಗ. ನಮ್ಮ ಹಜಾರ 14 ಅಡಿ ಉದ್ದ, 11 ಅಡಿ ಅಗಲ. ಅಲ್ಲಿ ಪೂರ್ತಿ ತಿರುಗಿಸಿದರೆ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ. ಹಾಗಾದರೆ ಅಂಗಡಿಯಲ್ಲಿ ನಾನು ಕೇಳಿದ ವ್ಯತ್ಯಾಸ ಎಲ್ಲಿಂದ ಬಂತು?

ಉತ್ತರಕ್ಕಾಗಿ ಎರಡನ್ನೂ ಮನೆಗೆ ತರಬೇಕಾಯಿತು. 80 ವಾಟ್‌ನ ಮಾದರಿ ಭಾವಮೈದುನನ ಮನೆಯಲ್ಲಿಯೇ ಇತ್ತು. 100 ವಾಟ್‌ನ ಪ್ರದರ್ಶನದ ಪೆಟ್ಟಿಗೆಯನ್ನು ಅಂಗಡಿಯವರು ಠೇವಣಿ ಇಟ್ಟುಕೊಂಡು ಶನಿವಾರ, ಭಾನುವಾರಕ್ಕೆ ಕೊಟ್ಟರು. ತಗ್ಗು ಸ್ವರಗಳಿಗೆಂದೇ ಇರುವ ಸ್ಪೀಕರ್ ಸಬ್‌ವೂಫರನ್ನೂ ಧ್ವನಿ ತಿದ್ದುವ ಎಲ್ಲ ಸೌಲಭ್ಯಗಳನ್ನೂ ಆಫ್ ಮಾಡಿ, 100 ಹರ್ಟ್ಸ್‌ನ ಒಂದೇ ಸ್ವರವನ್ನು ಹಾಕಿ, ಎಡ ಸ್ಪೀಕರ್‌ನ ತುದಿಗಳಿಗೆ ಮಲ್ಟಿಮೀಟರ್ ಹಿಡಿದೆ. (ಸಾಮಾನ್ಯ ಮಲ್ಟಿಮೀಟರ್‌ಗಳು ವಿದ್ಯುತ್ ಸರಬರಾಜಿನ 50 ಹರ್ಟ್ಸ್‌ನ ಆಸುಪಾಸಿನಲ್ಲಿ ನಂಬಿಕಸ್ಥ, ಕಿಲೋಹರ್ಟ್ಸ್‌ಗಳಲ್ಲಿ ಹಲವು ತಪ್ಪು ಹೇಳುತ್ತವೆ.) 8 ಓಮ್‌ಗೆ 1 ವಾಟ್ ಆಗುವ 2.83 ವೋಲ್ಟ್ ಬರಬೇಕಾದರೆ 100 ವಾಟ್‌ನದರ ವಾಲ್ಯೂಮನ್ನು ಮೈನಸ್ 26ಕ್ಕೆ ಇಡಬೇಕಾಯಿತು, 80 ವಾಟ್‌ನದನ್ನು ಮೈನಸ್ 22.5ಕ್ಕೆ. ಇವುಗಳ ವಾಲ್ಯೂಮ್ ಅಂಕಿ ಡೆಸಿಬೆಲ್ ಲೆಕ್ಕದ್ದು, ಮೈನಸ್ ಹೆಚ್ಚಾದಷ್ಟೂ ಸದ್ದು ಕಡಿಮೆ. ಎಂದರೆ ಅಂಗಡಿಯಲ್ಲಿ ಅಂಕಿ ಒಂದೇ ಇದ್ದರೂ ಮೊದಲನೆಯದು ಮೂರೂವರೆ ಡೆಸಿಬೆಲ್ ಜೋರಾಗಿ ನುಡಿಯುತ್ತಿತ್ತು. ತುಸು ಜೋರಾಗಿರುವುದು ಕಿವಿಗೆ ಜೋರು ಎನಿಸದೆ ಚೆನ್ನು ಎನಿಸುತ್ತದೆ. ಹುಡುಗ ಮೋಸ ಮಾಡಿರಲಿಲ್ಲ. ಅವನಿಗೂ ಅದು ಗೊತ್ತಿದ್ದಂತಿರಲಿಲ್ಲ.

ಸದ್ದನ್ನು ಹೀಗೆ ಸರಿಸಮ ಮಾಡಿಕೊಂಡ ಮೇಲೆ ರಿಸೀವರ್‌ಗಳಿಗೆ ಹೊದಿಕೆ ಮುಚ್ಚಿ, ತಂತಿ ಬದಲಿಸುವ ಕೆಲಸವನ್ನು ಮಗನಿಗೆ ವಹಿಸಿದೆ. ಪ್ರತಿ ಸಲವೂ ವಿದ್ಯುತ್ ಆರಿಸಿ, ಬದಲಿಸದಿದ್ದರೂ ತಂತಿ ಕಿತ್ತು ಮತ್ತೆ ಸಿಕ್ಕಿಸಬೇಕೆಂಬುದು ಕರಾರು. ಕೇಳಿದ್ದು ಯಕ್ಷಗಾನದ ಒಂದು ಧ್ವನಿಮುದ್ರಣ: ಚಂಡೆಯ ಮೊದಲ ಪೆಟ್ಟು ಒಡೆದು ಕೇಳಿಸುತ್ತದೆಯೋ ಮೊಂಡಾಗಿ ಕೇಳಿಸುತ್ತದೆಯೋ ಎಂಬುದು ನನಗೆ ಚಿಕ್ಕಂದಿನಿಂದ ಪರಿಚಿತ. ಹನ್ನೆರಡು ಸಲ ಊಹಿಸಿದ್ದರಲ್ಲಿ ಏಳು ಸರಿಯಾದವು. ನಾಣ್ಯ ಚಿಮ್ಮಿ ಹೇಳಿದ್ದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು. ತಂತಿ ಬದಲಿಸಲು ಅರ್ಧ ನಿಮಿಷ ಹಿಡಿಯುತ್ತಿದ್ದುದು ಈ ಪರೀಕ್ಷೆಯ ಕೊರತೆ, ಏಕೆಂದರೆ ಧ್ವನಿಯ ಸೂಕ್ಷ್ಮ ನೆನಪು ಕೆಲವು ಸೆಕೆಂಡುಗಳಲ್ಲೇ ಮಾಸುತ್ತದೆ. ಆದರೂ ಅಂಗಡಿಯಲ್ಲಿ ಕೇಳಿಸಿದಷ್ಟು ದೊಡ್ಡ ಅಂತರವಿದ್ದಿದ್ದರೆ ಅರ್ಧ ನಿಮಿಷದಲ್ಲಿ ಮರೆತುಹೋಗುತ್ತಿರಲಿಲ್ಲ.

ನಿಜವಾದ ವ್ಯತ್ಯಾಸ ಕಂಡದ್ದು ರಿಸೀವರ್ ಜೊತೆಗೆ ಬರುವ ಮೈಕನ್ನು ನೆಟ್ಟು ಕೋಣೆಯನ್ನು ಅಳೆಸಿದಾಗ. ಆ ಅಳತೆಯಂತೆ ರಿಸೀವರ್ ತನ್ನ ಧ್ವನಿಯನ್ನು ಕೋಣೆಗೆ ತಕ್ಕಂತೆ ತಿದ್ದಿಕೊಳ್ಳುತ್ತದೆ. ನಮ್ಮ ಹಜಾರದ 14 ಅಡಿ ಉದ್ದಕ್ಕೆ ಸುಮಾರು 40 ಹರ್ಟ್ಸ್‌ನ ಸ್ವರ ಗೋಡೆಯಿಂದ ಗೋಡೆಗೆ ಬಡಿದು ಉಬ್ಬುತ್ತದೆ, ಗೋಡೆಗೆ ಒತ್ತಿದ ಜಾಗದಲ್ಲಿ ಇನ್ನೂ ಹೆಚ್ಚು. ನಮ್ಮ ಅಮ್ಮನ ದಿವಾನ ಇರುವುದು ಅಲ್ಲಿಯೇ. 100 ವಾಟ್‌ನದು ಮೈಕನ್ನು ಒಂದೇ ಸ್ಥಾನದಲ್ಲಿ ಇಟ್ಟು ಅಳೆಯುತ್ತಿತ್ತು. ನಡುವಿನ ಸೋಫಾದಲ್ಲಿ ಎಲ್ಲವೂ ಸೊಗಸಾಯಿತು, ದಿವಾನದ ಮೇಲೆ ಮಾತ್ರ ಸಿನಿಮಾದ ಗುಡುಗು, ಲಾರಿಯ ಸದ್ದು ಬಂದಾಗಲೆಲ್ಲ ಮಾತು ಮುಳುಗುತ್ತಿತ್ತು. 80 ವಾಟ್‌ನದು ಎಂಟು ಸ್ಥಾನಗಳವರೆಗೆ ಅಳೆಯಬಲ್ಲದು. ಕುಕ್ಕರ್ ಕೂಗದ, ನೀರಿನ ಮೋಟಾರ್ ಓಡದ ರಾತ್ರಿ ಹನ್ನೊಂದರ ಮೇಲೆ ಮೈಕನ್ನು ಕ್ಯಾಮೆರಾ ಸ್ಟ್ಯಾಂಡಿಗೆ ಸಿಕ್ಕಿಸಿ, ಕಿವಿಯ ಎತ್ತರಕ್ಕೆ ನಿಲ್ಲಿಸಿ, ದಿವಾನವನ್ನೂ ಸೇರಿಸಿ ಎಂಟೂ ಕಡೆ ಅಳೆದೆ. ಮರುದಿನ ಅಮ್ಮ ಎಂದಿಗಿಂತ ಕಡಿಮೆ ವಾಲ್ಯೂಮಿನಲ್ಲಿ ಧಾರಾವಾಹಿ ನೋಡಿ, ‘ಈಗ ಮಾತು ಬಿಡಿಬಿಡಿಯಾಗಿ ಕೇಳ್ತದಪ್ಪ’ ಎಂದರು. ನನ್ನ ಮಟ್ಟಿಗೆ ತೀರ್ಮಾನ ಅಲ್ಲಿಗೆ ಮುಗಿಯಿತು.

ಈ ಅಳತೆ ಮುಗಿದ ಮೇಲೆ ಎರಡು ಅಂಶಗಳನ್ನು ನೋಡಿಕೊಳ್ಳಬೇಕು. ಯಂತ್ರ ನನ್ನ ಮುಂದಿನ ಸ್ಪೀಕರ್‌ಗಳನ್ನು ‘ಲಾರ್ಜ್’ ಎಂದು, ಅಂದರೆ ತಗ್ಗು ಸ್ವರಗಳನ್ನೂ ತಾವೇ ನುಡಿಸಬಲ್ಲವು ಎಂದು ಗುರುತಿಸಿತ್ತು. ಅದನ್ನು ‘ಸ್ಮಾಲ್’ಗೆ ಬದಲಿಸಿ, 80 ಹರ್ಟ್ಸ್‌ಗಿಂತ ಕೆಳಗಿನದನ್ನು ಸಬ್‌ವೂಫರ್‌ಗೆ ಬಿಟ್ಟೆ. ಟೇಪಿನಲ್ಲಿ 9 ಅಡಿ ಇದ್ದ ಸಬ್‌ವೂಫರನ್ನು ಅದು 14 ಅಡಿ ಎಂದು ಬರೆದುಕೊಂಡಿತ್ತು. ಅದನ್ನು ತಿದ್ದಲಿಲ್ಲ. ಸಬ್‌ವೂಫರ್‌ನ ಒಳಗಿನ ಸರ್ಕ್ಯೂಟ್ ಮಾಡುವ ವಿಳಂಬವನ್ನು ಅದು ದೂರವೆಂದು ಲೆಕ್ಕ ಹಿಡಿದಿರುತ್ತದೆ.

80 ವಾಟ್‌ನದರಲ್ಲೂ ಹುಳುಕಿತ್ತು. ಟಿ.ವಿ. ಹಾಕಿದಾಗ ಕೆಲವೊಮ್ಮೆ ಧ್ವನಿ ರಿಸೀವರ್‌ಗೆ ಬರದೆ ಟಿ.ವಿ.ಯಲ್ಲೇ ಉಳಿಯುತ್ತಿತ್ತು, ತಂತ್ರಾಂಶ ನವೀಕರಿಸಿದ ಮೇಲೆ ಇದು ಅಪರೂಪವಾಯಿತು, ಪೂರ್ತಿ ನಿಲ್ಲಲಿಲ್ಲ. ಟಿ.ವಿ.ಯ ಧ್ವನಿಯನ್ನು ಎಚ್‌ಡಿಎಂಐ ತಂತಿಯಲ್ಲೇ ರಿಸೀವರ್‌ಗೆ ಕಳಿಸುವ ಸೌಲಭ್ಯಕ್ಕೆ ಆರ್ಕ್ ಎನ್ನುತ್ತಾರೆ, ಅದರ ಹೊಸ, ಹೆಚ್ಚು ಸಾಮರ್ಥ್ಯದ ರೂಪ ಇ-ಆರ್ಕ್. ನಮ್ಮ ಹಳೆಯ ಟಿ.ವಿ.ಯಲ್ಲಿ ಇ-ಆರ್ಕ್ ಇಲ್ಲ, ಬರೀ ಆರ್ಕ್ ಇದೆ. ಒಟಿಟಿಯ ಅಟ್ಮಾಸ್ (ಸುತ್ತಲಿಂದಲೂ ಮೇಲಿನಿಂದಲೂ ಕೇಳಿಸುವ ಧ್ವನಿ) ಡಾಲ್ಬಿ ಡಿಜಿಟಲ್ ಪ್ಲಸ್ ಎಂಬ ಸಂಕುಚಿತ ರೂಪದಲ್ಲಿ ಬರುವುದರಿಂದ ಅದಕ್ಕೆ ಆರ್ಕ್ ಸಾಕು. ಬ್ಲೂ-ರೇಯ ಸಂಕುಚಿತವಲ್ಲದಷ್ಟು ಪೂರ್ಣ ಧ್ವನಿ ಆರ್ಕ್‌ನಲ್ಲಿ ಹಿಡಿಸದ ಕಾರಣ ಅದರ ಪ್ಲೇಯರನ್ನು ಮಾತ್ರ ನೇರವಾಗಿ ರಿಸೀವರ್‌ಗೇ ಜೋಡಿಸಿದೆ. ಗೇಮ್ ಆಡುವವರು ತಮ್ಮ ಕನ್ಸೋಲನ್ನೇ ಅಂಗಡಿಗೆ ಒಯ್ದು 4ಕೆ 120 ಹರ್ಟ್ಸ್ ಚಿತ್ರ ಬರುತ್ತದೆಯೇ ಎಂದು ನೋಡುವುದು ಒಳ್ಳೆಯದು. 2020ರಲ್ಲಿ ಬಂದ ಹಲವು ರಿಸೀವರ್‌ಗಳಲ್ಲಿ ಎಚ್‌ಡಿಎಂಐ ಚಿಪ್‌ನ ದೋಷದಿಂದ ಪರದೆ ಕಪ್ಪಾಗುತ್ತಿತ್ತು.

ತಿಂಗಳ ಕೊನೆಗೆ 80 ವಾಟ್‌ನದನ್ನೇ ತಂದೆ. ಷೋಕೇಸಿನಲ್ಲಿ ಅದರ ನೆತ್ತಿಯ ಮೇಲೆ ಮೂರು ಬೆರಳಷ್ಟೇ ಜಾಗವಿದ್ದುದರಿಂದ, ಬಿಸಿ ಹೊರಹೋಗಲೆಂದು ಬಡಗಿಯಿಂದ ಮೇಲಿನ ಹಲಗೆ ತೆಗೆಸಿದೆ. ಉಳಿದ ಹಣದಲ್ಲಿ ರೆಡ್ ಆಕ್ಸೈಡ್ ನೆಲಕ್ಕೆ ದಪ್ಪನೆಯ ಜಮಖಾನ ಕೊಂಡೆ. ಅದನ್ನು ಹಾಸಿದ ಮೇಲೆ ಕೋಣೆಯ ಧ್ವನಿಯೇ ಬದಲಾಗಿ, ಎಂಟೂ ಸ್ಥಾನಗಳ ಅಳತೆಯನ್ನು ಮತ್ತೆ ಮೊದಲಿನಿಂದ ಮಾಡಬೇಕಾಯಿತು.