ವಿದೇಶಕ್ಕೆ ಕಳಿಸೋದು ಅಂದ್ರೆ ಮೊದಲು ಕೈಗಡದ ಲೆಕ್ಕ

ನಾನು ತುಮಕೂರು ಜಿಲ್ಲೆಯ ಗಡಿ ಭಾಗದ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ನಮ್ಮಲ್ಲಿ ಕೂಲಿಯವರ ಮಕ್ಕಳು, ಕುರಿ ಸಾಕುವವರ ಮಕ್ಕಳೇ ಜಾಸ್ತಿ. ಇವರಲ್ಲಿ ಕೆಲವರು ಮಾಸ್ಟರ್ಸ್ ಓದಲು ವಿದೇಶಕ್ಕೆ ಹೋಗಿದ್ದಾರೆ ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ, "ಇಂಗ್ಲಿಷ್ ಹೇಗೆ ಮೇಡಂ?" ಇಂಗ್ಲಿಷ್ ಕೂತು ಓದಿದರೆ ಒಂದು ಹದಕ್ಕೆ ಬರುತ್ತದೆ. ನಿಜವಾಗಿ ಸುಸ್ತು ಮಾಡುವುದು ಕಾಗದಪತ್ರ, ಮತ್ತೆ ಸ್ಕಾಲರ್‌ಶಿಪ್ ಕೈಗೆ ಬರುವ ಮುಂಚೆ ಬೇಕಾಗುವ ದುಡ್ಡು.

ಸ್ಕಾಲರ್‌ಶಿಪ್ ಇಲ್ಲ ಅಂತೇನಿಲ್ಲ. ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. ಒಟ್ಟು 125 ಸೀಟು, ಅದರಲ್ಲಿ 115 ಪರಿಶಿಷ್ಟ ಜಾತಿಯವರಿಗೆ, ಉಳಿದವು ಅಲೆಮಾರಿ ಸಮುದಾಯದವರಿಗೆ, ಜಮೀನಿಲ್ಲದ ಕೂಲಿಕಾರರಿಗೆ, ಕುಶಲಕರ್ಮಿಗಳಿಗೆ. ಮನೆಯ ಆದಾಯ ವರ್ಷಕ್ಕೆ 8 ಲಕ್ಷದೊಳಗಿರಬೇಕು, ವಯಸ್ಸು 35ರೊಳಗೆ, ಡಿಗ್ರಿಯಲ್ಲಿ 60 ಪರ್ಸೆಂಟ್. ಫೀಸಿನ ಜೊತೆಗೆ ಬ್ರಿಟನ್ನಿಗೆ ಹೋದರೆ ಖರ್ಚಿಗೆ ವರ್ಷಕ್ಕೆ 9,900 ಪೌಂಡ್, ಬೇರೆ ದೇಶಕ್ಕಾದರೆ 15,400 ಡಾಲರ್. ಮಾಸ್ಟರ್ಸ್ ಮತ್ತು ಪಿಎಚ್‌ಡಿಗೆ ಮಾತ್ರ. ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ 'ಪ್ರಬುದ್ಧ' ಯೋಜನೆಯೂ ಎಸ್‌ಸಿ, ಎಸ್‌ಟಿ ಮಕ್ಕಳಿಗಿದೆ. ಮಾಸ್ಟರ್ಸ್‌ಗೆ ಯುರೋಪಿಯನ್ ಒಕ್ಕೂಟ ಕೊಡುವ ಎರಾಸ್ಮಸ್ ಮುಂಡಸ್ ಸ್ಕಾಲರ್‌ಶಿಪ್ ಜಾತಿ, ಆದಾಯ ಏನನ್ನೂ ಕೇಳುವುದಿಲ್ಲ, ಆಯ್ಕೆಯಾದರೆ ತಿಂಗಳಿಗೆ 1,400 ಯೂರೋ ಕೊಡುತ್ತದೆ. ಬ್ರಿಟನ್ ಸರ್ಕಾರದ ಚೀವ್‌ನಿಂಗ್ ಸ್ಕಾಲರ್‌ಶಿಪ್ ಎರಡು ವರ್ಷದ ಕೆಲಸದ ಅನುಭವ ಕೇಳುತ್ತದೆ, ಡಿಗ್ರಿ ಮುಗಿಸಿದ ಕೂಡಲೇ ಆಗುವುದಿಲ್ಲ. ಇನ್ನು ಜರ್ಮನಿಯಲ್ಲಿ ಫೀಸೇ ಇಲ್ಲವಂತೆ ಅಂತ ಯೂಟ್ಯೂಬ್ ನೋಡಿ ಓಡಿ ಬರುವ ಹುಡುಗರಿಗೆ ನಾನು ಹೇಳುವುದು, ಹೆಚ್ಚಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಫೀಸಿಲ್ಲ ನಿಜ, ಆದರೆ ವೀಸಾಗೆ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗಿಷ್ಟು ಅಂತ ಮಾತ್ರ ತೆಗೆಯಲು ಬಿಡುವ ಖಾತೆಯಲ್ಲಿ, 11,904 ಯೂರೋ ಇಟ್ಟು ತೋರಿಸಬೇಕು, ಅದಕ್ಕೂ ಮುಂಚೆ ನಮ್ಮ ಮಾರ್ಕ್ಸ್ ಕಾರ್ಡು ಅಸಲಿ ಅಂತ ಪರಿಶೀಲಿಸಿ ಕೊಡುವ ಎಪಿಎಸ್ ಸರ್ಟಿಫಿಕೇಟಿಗೇ 18,000 ರೂಪಾಯಿ ಕಟ್ಟಬೇಕು, ಎಲ್ಲಿಂದ ತರ್ತೀಯಪ್ಪ?

ಕೇಂದ್ರದ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕುವಾಗಲೇ ಜಗತ್ತಿನ ಯೂನಿವರ್ಸಿಟಿಗಳಿಗೆ ರ‍್ಯಾಂಕ್ ಕೊಡುವ ಕ್ಯೂಎಸ್ ಪಟ್ಟಿಯ ಮೊದಲ 500ರಲ್ಲಿರುವ ಯೂನಿವರ್ಸಿಟಿಯ ಅಡ್ಮಿಷನ್ ಲೆಟರ್ ಬೇಕು. ಆ ಲೆಟರ್ ಬರಬೇಕಾದರೆ ಪಾಸ್‌ಪೋರ್ಟ್ 1,500, ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಗೆ ಹೆಚ್ಚೂಕಡಿಮೆ 18,000, ಯೂನಿವರ್ಸಿಟಿ ಮೊಹರಿನ ಅಂಕಪಟ್ಟಿ ಅಂದರೆ ಟ್ರಾನ್ಸ್‌ಕ್ರಿಪ್ಟ್, ಅರ್ಜಿ ಶುಲ್ಕ. ಬ್ರಿಟನ್ ಆದರೆ ಆಮೇಲೆ ಟಿಬಿ ಪರೀಕ್ಷೆ, ವೀಸಾ ಫೀಸು, ಅದರ ಜೊತೆಗೇ ವರ್ಷಕ್ಕೆ 776 ಪೌಂಡಿನ ಆರೋಗ್ಯ ಶುಲ್ಕ. ಕೆಲವು ಖರ್ಚು ಸ್ಕಾಲರ್‌ಶಿಪ್‌ನಿಂದ ವಾಪಸ್ ಬರುತ್ತವೆ. ಆದರೆ ಮೊದಲು ಕಟ್ಟುವವರು ಯಾರು? ಬ್ಯಾಂಕ್ ಸಾಲ ತಗೊಳ್ಳಿ ಅನ್ನುವುದು ಸುಲಭ. 7.5 ಲಕ್ಷ ದಾಟಿದರೆ ಅಡಮಾನ ಕೇಳುತ್ತಾರೆ, ಇವರದ್ದು ಗ್ರಾಮಠಾಣಾದ ಮನೆ, ಪಂಚಾಯಿತಿಯ ಇ-ಸ್ವತ್ತು ದಾಖಲೆ ಆಗಿಲ್ಲ, ಅದರ ಫಾರಂ 9 ಇಲ್ಲ, 11 ಇಲ್ಲ.

ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ಚೀಟಿ ನಡೆಯುತ್ತಿತ್ತು. ವರ್ಷದಲ್ಲಿ ಒಂದು ತಿಂಗಳ ಚೀಟಿಯನ್ನು ಯಾರೂ ಎತ್ತಬಾರದು, ಅದು ಮಕ್ಕಳಿಗೆ ಅಂತ ಮಾತಾಡಿಕೊಂಡೆವು. ಬಡ್ಡಿ ಇಲ್ಲ, ಪತ್ರ ಇಲ್ಲ. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಮೊತ್ತ, ಸಹಿ, ಅಷ್ಟೇ. ಹೋದ ಮೇಲೆ ಅವರಿಗೆ ಅನುಕೂಲವಾದ ಹಾಗೆ ತೀರಿಸಬೇಕು. ದಾನ ಅಂತ ನಾವು ಹೇಳುವುದೇ ಇಲ್ಲ, ಕೈಗಡ. ದಾನ ಅಂದರೆ ಸ್ವಾಭಿಮಾನ ಇರುವ ಮಕ್ಕಳು ತಗೊಳ್ಳುವುದಿಲ್ಲ, ನಾವೂ ಒಂದು ಸಲ ಕೊಟ್ಟು ಕೈ ತೊಳೆದುಕೊಳ್ಳುತ್ತೇವೆ.

ಇನ್ನು ಹೆಸರಿನ ರಾಮಾಯಣ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ 'ಲಕ್ಷ್ಮೀದೇವಿ ಎನ್', ಆಧಾರ್‌ನಲ್ಲಿ 'ಲಕ್ಷ್ಮಿ ದೇವಿ', ಪ್ಯಾನ್ ಕಾರ್ಡಿನಲ್ಲಿ ಆ 'ಎನ್' ಬಿಚ್ಚಿಕೊಂಡು 'ನರಸಿಂಹಪ್ಪ' ಆಗಿರುತ್ತದೆ. ಊರಲ್ಲಿ ಇದು ಯಾರಿಗೂ ತೊಂದರೆ ಅಲ್ಲ. ಅಲ್ಲಿಯವರಿಗೆ ಇವರು ಮೂರು ಬೇರೆ ಬೇರೆ ಹುಡುಗಿಯರು! ಸರ್‌ನೇಮ್ ಕಾಲಂ ಖಾಲಿ ಬಿಟ್ಟು ಪಾಸ್‌ಪೋರ್ಟ್ ಮಾಡಿಸಿದರೆ ಅಮೆರಿಕದ ವೀಸಾದಲ್ಲಿ ಇರುವ ಹೆಸರೇ ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಬರುತ್ತದೆ, ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ. ಅದಕ್ಕೆ ಡಿಗ್ರಿ ಎರಡನೇ ವರ್ಷದಲ್ಲೇ, ಹೋಗುತ್ತಾರೋ ಬಿಡುತ್ತಾರೋ, ಇನಿಷಿಯಲ್ ಬಿಡಿಸಿ ಬರೆಸಿ ಪಾಸ್‌ಪೋರ್ಟ್ ಮಾಡಿಸುತ್ತೇವೆ. ಉಳಿದ ದಾಖಲೆಗಳನ್ನೆಲ್ಲ ಅದಕ್ಕೆ ಹೊಂದಿಸುವುದು. ಹೊಂದದೆ ಉಳಿದದ್ದಕ್ಕೆ ಇಬ್ಬರೂ ಒಬ್ಬರೇ ಅಂತ ನೋಟರಿ ಮುಂದೆ ಅಫಿಡವಿಟ್. ಶಿಫಾರಸು ಪತ್ರ ಕೊಡುವ ಮೇಷ್ಟ್ರುಗಳಿಗೂ ಒಂದು ಮಾತು. ಎಷ್ಟೋ ಯೂನಿವರ್ಸಿಟಿಗಳು ಜಿಮೇಲ್‌ನಿಂದ ಬಂದ ಪತ್ರ ಒಪ್ಪುವುದಿಲ್ಲ, ಕಾಲೇಜಿನ ಇಮೇಲ್ ಬೇಕು. "ನೀನೇ ಬರ್ಕೊಂಡು ಬಾರಮ್ಮ, ಸೈನ್ ಹಾಕ್ತೀನಿ" ಅನ್ನುವುದನ್ನು ದಯವಿಟ್ಟು ಬಿಡಿ. ಮೂರು ಪತ್ರವೂ ಒಂದೇ ದನಿಯಲ್ಲಿ ಇದ್ದರೆ ಓದುವವರಿಗೆ ಗೊತ್ತಾಗುವುದಿಲ್ಲವಾ?

ಎಸ್‌ಒಪಿ ಅಂದರೆ 'ನಾನು ಇದನ್ನು ಯಾಕೆ ಓದಬೇಕು' ಅಂತ ಬರೆಯುವ ಪ್ರಬಂಧ. ನನಗೆ ಈ ಕೆಲಸದಲ್ಲಿ ಬಹಳ ಇಷ್ಟವಾದ ಭಾಗ ಇದೇ. ಪಾವಗಡ ಕಡೆಯ ಒಬ್ಬ ಹುಡುಗಿ ಮೊದಲು ಬರೆದು ತಂದದ್ದು ಇಂಟರ್‌ನೆಟ್ಟಿನ ಸರಕು. ಚಿಕ್ಕಂದಿನಿಂದ ವಿಜ್ಞಾನ ಅಂದ್ರೆ ಆಸಕ್ತಿ, ದೇಶಸೇವೆ, ಇತ್ಯಾದಿ. ಅದನ್ನು ಪಕ್ಕಕ್ಕಿಟ್ಟು ಫೋನಿನಲ್ಲಿ ರೆಕಾರ್ಡ್ ಒತ್ತಿ, ನಿಮ್ಮೂರಿನ ನೀರಿನ ಬಗ್ಗೆ ಹೇಳು ಅಂದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಹೀಗಾಗಿ ಎರಡೂ ಸೇರಿಸಿ ಶುರು ಮಾಡಿದಳು. ಅಲ್ಲಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಅನ್ನುವುದು ಎಲ್ಲರಿಗೂ ಗೊತ್ತು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಅಜ್ಜಿಗೆ ಮಂಡಿ ಮಡಚಿ ಕೂರಲು ಆಗಲ್ಲ, ತಮ್ಮನ ಹಲ್ಲಿನ ಮೇಲೆ ಕಂದು ಪಟ್ಟೆ. ಈಗ ಊರಿಗೆ ಶುದ್ಧ ನೀರಿನ ಘಟಕ ಬಂದಿದೆ, ನಾಣ್ಯ ಹಾಕಿದರೆ ಒಂದು ಕ್ಯಾನ್ ನೀರು. ಇಷ್ಟು ಹೇಳಿ, "ಆದ್ರೆ ಮೇಡಂ, ಫಿಲ್ಟರ್ ಆಗಿ ಹಿಂದಿನ ಪೈಪಲ್ಲಿ ಬರೋ ನೀರು ಚರಂಡಿಗೆ ಹೋಗುತ್ತೆ, ಚರಂಡಿ ನೀರು ಮತ್ತೆ ಅದೇ ನೆಲಕ್ಕೇ ತಾನೇ ಇಳಿಯೋದು? ಅದರಲ್ಲಿ ಫ್ಲೋರೈಡ್ ಇನ್ನೂ ಜಾಸ್ತಿ ಇರಲ್ವಾ?" ಅಂದಳು.

ನಾನು ರೆಕಾರ್ಡಿಂಗ್ ನಿಲ್ಲಿಸಿ, ಇದೇ ನಿನ್ನ ಮೊದಲ ಪ್ಯಾರಾ ಅಂದೆ. ಅವಳಿಗೆ ನಂಬಿಕೆ ಬರಲಿಲ್ಲ, ಇಷ್ಟು ಸಣ್ಣ ವಿಷಯ ಬರೆಯೋದಾ ಅಂತ. ಅದನ್ನೇ ಬರೆಸಿದೆ. ಇಂಗ್ಲಿಷ್ ತಿದ್ದಿದೆವು, ವಿಷಯ ಮುಟ್ಟಲಿಲ್ಲ. ನೀರಿನ ವಿಜ್ಞಾನದ ಮಾಸ್ಟರ್ಸ್‌ಗೆ ಬ್ರಿಟನ್ನಿನಲ್ಲಿ ಸೀಟು ಸಿಕ್ಕಿತು, ಆಮೇಲೆ ಸ್ಕಾಲರ್‌ಶಿಪ್ಪೂ ಬಂತು.

ಅವರ ಅಪ್ಪ ಮಾತ್ರ ಒಪ್ಪಲಿಲ್ಲ. ಅವರ ಅನುಮಾನವೇ ಬೇರೆ. "ಗುರುತು ಪರಿಚಯ ಇಲ್ಲದ ನಮ್ಮ ಹುಡುಗಿಗೆ ಇಷ್ಟೊಂದು ಲಕ್ಷ ಯಾಕ್ ಕೊಡ್ತಾರೆ ಮೇಡಂ? ಅಲ್ಲಿಗೆ ಕರ್ಕೊಂಡು ಹೋಗಿ ಕಿಡ್ನಿ ಗಿಡ್ನಿ ತೆಗೆದ್ರೆ?" ನಗು ಬಂತು, ಆದರೆ ಪ್ರಶ್ನೆ ಸರಿಯಾಗೇ ಇದೆ. ಪುಕ್ಕಟೆ ಯಾರೂ ಏನೂ ಕೊಡದ ಕಡೆ ಬದುಕಿದವರು. ಗೋಡೆಯ ಮೇಲೆ ಅಂಬೇಡ್ಕರ್ ಫೋಟೋ ಇತ್ತು. ಅದನ್ನು ತೋರಿಸಿ, 1913ರಲ್ಲಿ ಇವರನ್ನೂ ಬರೋಡಾ ಮಹಾರಾಜರು ಹೀಗೇ ಸ್ಕಾಲರ್‌ಶಿಪ್ ಕೊಟ್ಟು ನ್ಯೂಯಾರ್ಕಿನ ಕೊಲಂಬಿಯಾ ಯೂನಿವರ್ಸಿಟಿಗೆ ಕಳಿಸಿದ್ದು, ಓದಿ ಬಂದು ಸಂಸ್ಥಾನದಲ್ಲಿ ಕೆಲಸ ಮಾಡಬೇಕು ಅಂತ ಕರಾರೂ ಇತ್ತು ಅಂದೆ. ಕರಾರು ಅಂದ ಮೇಲೆ ಅವರಿಗೆ ಸಮಾಧಾನವಾಯಿತು ನೋಡಿ! ಕೊಟ್ಟಿದ್ದಕ್ಕೆ ಒಂದು ಲೆಕ್ಕ ಇದೆ ಅಂತ. ಅಣ್ಣನ ಹತ್ತಿರ ಕೇಳಿ ಹೇಳ್ತೀನಿ ಅಂದವರು ಮಾರನೇ ದಿನವೇ ಫೋನ್ ಮಾಡಿದರು.

ಹೋಗುವವರಿಗೆ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಇಳಿದ ದಿನವೇ ಸ್ಟೈಪೆಂಡ್ ಬರುವುದಿಲ್ಲ. ಅಲ್ಲಿ ಬ್ಯಾಂಕ್ ಖಾತೆ ಆಗಬೇಕು, ಅದಕ್ಕೆ ವಿಳಾಸ ಬೇಕು, ವಿಳಾಸ ಬೇಕೆಂದರೆ ರೂಮು, ರೂಮಿಗೆ ಅಡ್ವಾನ್ಸ್. ನಮ್ಮ ಕೈಗಡದಲ್ಲಿ ದೊಡ್ಡ ಪಾಲು ಹೋಗುವುದು ಇದಕ್ಕೇ, ವಿದೇಶಿ ಹಣ ತುಂಬುವ ಫಾರೆಕ್ಸ್ ಕಾರ್ಡಿಗೆ ಹಾಕಿ ಕಳಿಸುತ್ತೇವೆ. ಚಳಿ ಕೋಟು ಇಲ್ಲಿಂದ ಕೊಂಡು ಹೋಗುವುದು ದಂಡ. ಅಲ್ಲಿ ಚಾರಿಟಿ ಅಂಗಡಿಗಳಲ್ಲಿ ಹಳೆಯದು ಅಗ್ಗಕ್ಕೆ ಸಿಗುತ್ತದೆ, ಅವರ ಚಳಿಗೆ ಅದೇ ಸರಿ.