ಮೇಯರ್ ಒಬ್ಬರ ವರ್ಷವನ್ನು ಅಳೆಯುವುದು ಹೇಗೆ

ಮಹಾನಗರ ಪಾಲಿಕೆಯೊಂದರಲ್ಲಿ ಸದಸ್ಯರ ಸಭೆಗಳ ಕೆಲಸ ನೋಡಿಕೊಳ್ಳುವ ಪರಿಷತ್ ವಿಭಾಗದಲ್ಲಿ ನಾನು 29 ವರ್ಷ ಶೀಘ್ರಲಿಪಿಗಾರ್ತಿಯಾಗಿದ್ದೆ. ಯಾವ ಪಾಲಿಕೆ ಎಂದು ಹೇಳುವುದಿಲ್ಲ. ಪಿಂಚಣಿ ಇನ್ನೂ ಅಲ್ಲಿಂದಲೇ ಬರಬೇಕು. ಮೇಯರ್ ಪೀಠದ ಕೆಳಗೆ ಎಡಕ್ಕೆ ಹಾಕಿದ್ದ ಮೇಜು ನನ್ನದು. ಆ ಪೀಠಕ್ಕೆ ಹಾರ ಬಂದದ್ದನ್ನೂ ಹಾರ ಬಾಡಿದ್ದನ್ನೂ ಇಪ್ಪತ್ತಕ್ಕೂ ಹೆಚ್ಚು ಸಲ ನೋಡಿದ್ದೇನೆ. ಈಗ ಓಣಿಯ ಹುಡುಗರು ಕೇಳುವುದು ಒಂದೇ: "ಅಕ್ಕಾ, ಈ ಸಲದ ಮೇಯರ್ ಹೇಗೆ?" ನಾನು ಉತ್ತರ ಕೊಡುವುದಿಲ್ಲ, ನೋಡುವ ದಾರಿ ಹೇಳುತ್ತೇನೆ.

ಮೊದಲು ಆ ಕುರ್ಚಿಗೆ ಏನಿದೆ, ಏನಿಲ್ಲ ಎಂಬುದನ್ನು ತಿಳಿದುಕೊಳ್ಳಿ. ಕರ್ನಾಟಕ ಪೌರ ನಿಗಮಗಳ ಅಧಿನಿಯಮ 1976ರದ್ದು. ಅದರ ಪ್ರಕಾರ ಮೇಯರ್ ಅವರನ್ನು ಆರಿಸುವವರು ನೀವಲ್ಲ, ಪಾಲಿಕೆ ಸದಸ್ಯರು. ಜೊತೆಗೆ ಶಾಸಕರಿಗೂ ಸಂಸದರಿಗೂ ಮತವಿದೆ. ಯಾವ ವರ್ಗದವರಿಗೆ ಈ ಸಲ ಕುರ್ಚಿ ಎಂಬುದನ್ನು ಸರ್ಕಾರದ ಮೀಸಲಾತಿ ಪಟ್ಟಿ ಹೇಳುತ್ತದೆ. ನಾನು ಕೆಲಸದಲ್ಲಿದ್ದಷ್ಟು ಕಾಲವೂ ಅವಧಿ ಒಂದೇ ವರ್ಷ. ಅದರಲ್ಲಿ ಮೊದಲ ತಿಂಗಳು ಸನ್ಮಾನಕ್ಕೆ ಹೋಗುತ್ತದೆ, ಕೊನೆಯ ತಿಂಗಳು ಮುಂದಿನವರು ಯಾರು ಎಂಬ ಲೆಕ್ಕಾಚಾರಕ್ಕೆ. ಟೆಂಡರ್, ಕಾರ್ಯಾದೇಶ, ಬಿಲ್ಲು ಪಾವತಿ, ಸಿಬ್ಬಂದಿಯ ಹೊಣೆ ಎಲ್ಲವೂ ಸರ್ಕಾರ ನೇಮಿಸಿದ ಆಯುಕ್ತರ ಕೈಯಲ್ಲಿ. ಮೇಯರ್ ಕೈಯಲ್ಲಿರುವುದು ಸಭೆ. ಸಭೆ ಕರೆಯುವುದು, ಯಾರಿಗೆ ಮಾತಾಡಲು ಬಿಡಬೇಕೆಂದು ತೀರ್ಮಾನಿಸುವುದು, ಅಧಿಕಾರಿಯನ್ನು ನಿಲ್ಲಿಸಿ ಉತ್ತರ ಕೇಳುವುದು, ರೂಲಿಂಗ್, ಅಂದರೆ ಪೀಠದ ತೀರ್ಪು, ಕೊಡುವುದು. ಇಂದೋರಿನ ಹೆಸರು ಎತ್ತಿ ನಮ್ಮವರನ್ನು ಹಂಗಿಸುವವರು ಒಂದು ಮಾತು ಮರೆಯುತ್ತಾರೆ: 2017ರಲ್ಲಿ ಆ ಊರು ಸ್ವಚ್ಛತೆಯಲ್ಲಿ ಮೊದಲ ಸ್ಥಾನಕ್ಕೆ ಬಂದಾಗ ಅಲ್ಲಿದ್ದ ಮೇಯರ್ ಜನರಿಂದಲೇ ನೇರವಾಗಿ ಆರಿಸಿ ಬಂದವರು, ಐದು ವರ್ಷ ಕುರ್ಚಿಯಲ್ಲಿ ಕೂತವರು.

ಹಾಗಾದರೆ ಇವರನ್ನು ಯಾವುದರಲ್ಲಿ ಅಳೆಯಬೇಕು? ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಮೇಯರ್ ಆದ ದಿನ ಅವರು ಪತ್ರಕರ್ತರ ಮುಂದೆ "ನನ್ನ ಆದ್ಯತೆ" ಎಂದು ಹೇಳಿದ್ದನ್ನು ಅವರದೇ ಮಾತಿನಲ್ಲಿ, ದಿನಾಂಕ ಹಾಕಿ ಬರೆಯಿರಿ. ಕುಡಿಯುವ ನೀರು, ಬೀದಿದೀಪ, ಸ್ವಚ್ಛತೆ ಎಂದಷ್ಟೇ ಹೇಳಿದ್ದರೆ ಅದು ಆದ್ಯತೆಯಲ್ಲ, ವಾಡಿಕೆ. ಯಾವ ಬಡಾವಣೆಗೆ, ಯಾವ ತಿಂಗಳೊಳಗೆ ಎಂದು ಹೇಳಿದ್ದರೆ ಅಡಿಗೆರೆ ಎಳೆಯಿರಿ.

ನಂತರ ಆಯವ್ಯಯ. ಅದನ್ನು ಸಾಮಾನ್ಯವಾಗಿ ಮಂಡಿಸುವವರು ತೆರಿಗೆ ಮತ್ತು ಹಣಕಾಸು ಸ್ಥಾಯಿ ಸಮಿತಿಯ ಅಧ್ಯಕ್ಷರು, ಮೇಯರ್ ಅಲ್ಲ. ಭಾಷಣದ ಪುಸ್ತಕವನ್ನು ಪಕ್ಕಕ್ಕಿಡಿ, ಅದರಲ್ಲಿ ವಚನಗಳಿರುತ್ತವೆ. ದಪ್ಪ ಪುಸ್ತಕದ ಮೂರು ಕಾಲಂ ನೋಡಿ: ಹಿಂದಿನ ವರ್ಷ ನಿಜವಾಗಿ ಬಂದದ್ದು, ಈ ವರ್ಷದ ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು. ಆಸ್ತಿ ತೆರಿಗೆ ನಿಜವಾಗಿ ಬಂದದ್ದು 60 ಕೋಟಿ ಇದ್ದು ಮುಂದಿನ ವರ್ಷಕ್ಕೆ 110 ಕೋಟಿ ಎಂದು ಬರೆದಿದ್ದರೆ, ಆ ಹೆಚ್ಚುವರಿ 50 ಕೋಟಿಯ ಮೇಲೆ ನಿಂತ ಉದ್ಯಾನ, ಈಜುಕೊಳ, ಸ್ವಾಗತ ಕಮಾನು ಎಲ್ಲವೂ ಕಾಗದದ ಮೇಲೇ ಉಳಿಯುತ್ತವೆ. ಕಂದಾಯ ವಿಭಾಗದ ಬೇಡಿಕೆ (ಬರಬೇಕಾದ ತೆರಿಗೆ), ವಸೂಲಿ, ಬಾಕಿ ತಖ್ತೆಯನ್ನೂ ಕೇಳಿ ಪಡೆಯಿರಿ. ಏಪ್ರಿಲ್‌ನಲ್ಲಿ ಶೇ 5 ರಿಯಾಯಿತಿ ಇರುವುದರಿಂದ ಆ ತಿಂಗಳು ಪೆಟ್ಟಿಗೆ ತುಂಬಿ ಕಾಣುತ್ತದೆ. ಅದನ್ನು ತೋರಿಸಿ ಬೀಗುವ ಮೇಯರ್ ಅವರನ್ನು ನಂಬಬೇಡಿ. ಬಾಕಿ ಕಾಲಂ ಇಳಿಯಿತೇ, ಅದನ್ನು ನೋಡಿ.

ಆದರೆ ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುವುದು ಸಭೆಯಲ್ಲಿ ನಡೆದದ್ದನ್ನು ಬರೆದಿಡುವ ನಡಾವಳಿ ಪುಸ್ತಕ. ಅದನ್ನು ಬರೆದವಳು ನಾನೇ ಆದ್ದರಿಂದ ಈ ಪಕ್ಷಪಾತ ಇರಬಹುದು. ಸಾಮಾನ್ಯ ಸಭೆ ತಿಂಗಳಿಗೊಂದು ನಡೆಯಬೇಕು. ವರ್ಷದಲ್ಲಿ ಎಷ್ಟು ನಡೆದವು, ಎಷ್ಟು ಕೋರಂ (ಬೇಕಾದಷ್ಟು ಸದಸ್ಯರ ಹಾಜರಿ) ಇಲ್ಲದೆ ಮುಂದಕ್ಕೆ ಹೋದವು, ಎಷ್ಟು ಗದ್ದಲದಲ್ಲಿ ಅರ್ಧ ಗಂಟೆಯಲ್ಲಿ ಮುಗಿದವು ಎಂದು ಎಣಿಸಿ. ಬಳಿಕ ಠರಾವುಗಳ, ಅಂದರೆ ಸಭೆಯ ನಿರ್ಣಯಗಳ, ಭಾಷೆ ನೋಡಿ. "ಚರ್ಚಿಸಿ ಒಪ್ಪಲಾಯಿತು" ಎಂದು ಬರೆದ ಎಷ್ಟೋ ಕಡೆ ಚರ್ಚೆ ನಡೆದೇ ಇರಲಿಲ್ಲ. ನನ್ನ ಪೆನ್ಸಿಲ್ ಆಗ ಸುಮ್ಮನಿತ್ತು. "ಮುಂದಿನ ಸಭೆಯಲ್ಲಿ ಮಂಡಿಸುವುದು" ಎಂದರೆ ಯಾರೋ ಬೇಡ ಎಂದಿದ್ದಾರೆ. "ಘಟನೋತ್ತರ ಮಂಜೂರಾತಿ" ಎಂದರೆ ಕೆಲಸವೂ ಆಗಿದೆ, ಖರ್ಚೂ ಆಗಿದೆ, ಈಗ ಮುದ್ರೆ ಬೇಕು. ಮಳೆಗಾಲದಲ್ಲಿ ರಾಜಕಾಲುವೆ ಒಡೆದಾಗ ಹಾಗೆ ಮಾಡುವುದು ಸರಿ. ವರ್ಷವಿಡೀ ಪ್ರತಿ ಕಾರ್ಯಸೂಚಿಯಲ್ಲೂ ಅದೇ ಕಂಡರೆ, ಸದನ ಬರೀ ಮುದ್ರೆಯಾಗಿದೆ ಎಂದು ಅರ್ಥ.

ಒಬ್ಬ ಮೇಯರ್ ನೆನಪಾಗುತ್ತಾರೆ. ಮೀಸಲು ಸ್ಥಾನದಿಂದ ಬಂದ ಹೆಣ್ಣುಮಗಳು, ಏಳನೆಯ ತರಗತಿ ಓದಿದವರು. ಮೊದಲ ಸಭೆಯಲ್ಲಿ ಪೀಠದಿಂದ ಓದಬೇಕಾದ ನಾಲ್ಕು ಸಾಲು ಓದಲು ತಡವರಿಸಿದರು. ಗ್ಯಾಲರಿಯಲ್ಲಿ ಯಾರೋ ನಕ್ಕರು, ಮರುದಿನ ಪತ್ರಿಕೆಯಲ್ಲೂ ಅದೇ ಬಂತು. ಎರಡನೆಯ ಸಭೆಗೆ ಮುಂಚೆ ನನ್ನ ಮೇಜಿಗೆ ಬಂದು, "ಅಕ್ಕಾವರೇ, ಹೋದ ವರ್ಷ ಆದ ಠರಾವುಗಳಲ್ಲಿ ಎಷ್ಟು ಜಾರಿಯಾಗಿವೆ, ಪಟ್ಟಿ ಮಾಡಿಕೊಡುತ್ತೀರಾ?" ಎಂದು ಕೇಳಿದರು. ಅಷ್ಟು ವರ್ಷದಲ್ಲಿ ಯಾರೂ ಕೇಳಿರದ ಪ್ರಶ್ನೆ ಅದು. ಅಂದಿನಿಂದ ಪ್ರತಿ ಸಭೆಯ ಮೊದಲ ವಿಷಯ ಅನುಪಾಲನಾ ವರದಿ. ಇಂಜಿನಿಯರುಗಳು ಒಬ್ಬೊಬ್ಬರಾಗಿ ಎದ್ದು ನಿಂತು "ಆಗಿದೆ" ಅಥವಾ "ಆಗಿಲ್ಲ, ಕಾರಣ ಇದು" ಎನ್ನಬೇಕಾಯಿತು. ಆ ಮೇಯರ್ ಹೆಸರಿನಲ್ಲಿ ಊರಿನಲ್ಲಿ ಒಂದು ಕಮಾನೂ ಇಲ್ಲ. ಆದರೆ ಎರಡು ವರ್ಷದಿಂದ ಕೊಳೆಯುತ್ತಿದ್ದ ಸ್ಮಶಾನದ ಕಾಂಪೌಂಡು, ಮೂರು ಬಡಾವಣೆಗಳ ನೀರಿನ ಕೊಳವೆ ಆ ವರ್ಷ ಮುಗಿದವು. ಮುಂದಿನ ಮೇಯರ್ ಬಂದ ತಿಂಗಳೇ ಆ ವರದಿ ಕಾರ್ಯಸೂಚಿಯಿಂದ ಮಾಯವಾಯಿತು. ಆದ್ದರಿಂದ ಅನುಪಾಲನಾ ವರದಿ ಇದೆಯೇ ಎಂದು ನೋಡಿ. ಉಳಿದೆಲ್ಲ ಆಮೇಲೆ.

ಇನ್ನು ಕೀರ್ತಿ ಯಾರದ್ದು ಎಂಬ ಪ್ರಶ್ನೆ. ಇದರಲ್ಲಿ ನಾನೇ ಮುಗ್ಗರಿಸಿದ್ದೇನೆ. ನಮ್ಮ ಮನೆ ಮುಂದಿನ ರಸ್ತೆಗೆ ಕಾಂಕ್ರೀಟ್ ಬಿದ್ದಾಗ ಅಂದಿನ ಮೇಯರ್ ಅವರನ್ನು ಊರೆಲ್ಲ ಹೊಗಳಿ ಬಂದೆ. ಬಿಲ್ಲಿನ ಕಡತ ಕಣ್ಣಿಗೆ ಬಿದ್ದಾಗ ತಿಳಿಯಿತು, ಅದು ಶಾಸಕರ ನಿಧಿಯ ಹಣ. ಕಾಮಗಾರಿಯ ಫಲಕದಲ್ಲಿ ಭಾವಚಿತ್ರ ಬಿಟ್ಟು ಲೆಕ್ಕಶೀರ್ಷಿಕೆ, ಅಂದರೆ ಹಣ ಯಾವ ಬಾಬತ್ತಿನದು ಎಂಬ ಸಾಲು, ಓದಿ: ರಾಜ್ಯದ ನಗರೋತ್ಥಾನವೇ, ಹಣಕಾಸು ಆಯೋಗದ ಅನುದಾನವೇ, ಕೇಂದ್ರದ ಅಮೃತ್ ಯೋಜನೆಯೇ, ಪಾಲಿಕೆಯ ಸ್ವಂತ ನಿಧಿಯೇ? ಮೇಯರ್ ನಿಜವಾಗಿ ಏನನ್ನು ಆರಿಸಿದರು ಎಂಬುದು ಗೊತ್ತಾಗುವುದು ಸ್ವಂತ ನಿಧಿಯಲ್ಲಿ ಮಾತ್ರ. ಸ್ಮಾರ್ಟ್ ಸಿಟಿ ಕಾಮಗಾರಿ ನಡೆಸಿದ್ದು ಪ್ರತ್ಯೇಕ ಕಂಪನಿ. 2008ರಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಬಂದದ್ದು ವಿಶ್ವಬ್ಯಾಂಕ್ ಸಾಲದ ಯೋಜನೆಯಿಂದ, ರಾಜ್ಯದ ಸಂಸ್ಥೆಯ ಮೂಲಕ. ಇಂಥ ಯೋಜನೆ ಶುರುವಾಗಿ ಮುಗಿಯುವಷ್ಟರಲ್ಲಿ ಕುರ್ಚಿಯಲ್ಲಿ ಮೂರ್ನಾಲ್ಕು ಜನ ಕೂತು ಎದ್ದಿರುತ್ತಾರೆ. ನಲ್ಲಿ ತಿರುಗಿಸಿ ಫೋಟೊಕ್ಕೆ ನಿಂತವರಿಗೆ ಪೂರ್ತಿ ಅಂಕ ಕೊಡಬೇಡಿ.

ಬೆಳೆಯುತ್ತಿರುವ ಊರಾದರೆ ಒಂದು ಭಾನುವಾರ ಊರಿನ ಅಂಚಿಗೆ ಹೋಗಿ. ಹೊಲ ನಿವೇಶನವಾಗಿ, ನಿವೇಶನ ಮನೆಯಾಗಿ, ಒಳಚರಂಡಿ ಮಾತ್ರ ಬಾರದ ಜಾಗಗಳಿರುತ್ತವೆ. ಅಲ್ಲಿನವರನ್ನು ಕೇಳಿದರೆ ಒಂದೇ ಉತ್ತರ: "ಬಡಾವಣೆ ಇನ್ನೂ ಪಾಲಿಕೆಗೆ ಹಸ್ತಾಂತರವಾಗಿಲ್ಲ." ನಿವೇಶನ ಮಾರಿದವರು ಹೋಗಿರುತ್ತಾರೆ, ನಗರಾಭಿವೃದ್ಧಿ ಪ್ರಾಧಿಕಾರ ತನ್ನ ಕೆಲಸ ಮುಗಿಯಿತು ಎನ್ನುತ್ತದೆ, ಮೂಲಸೌಕರ್ಯ ಸರಿಯಿಲ್ಲದೆ ತೆಗೆದುಕೊಳ್ಳುವುದಿಲ್ಲ ಎಂದು ಪಾಲಿಕೆ ಹೇಳುತ್ತದೆ. ಈ ಮೂವರನ್ನು ಒಂದೇ ಮೇಜಿಗೆ ಕೂರಿಸುವುದು ಮೇಯರ್ ಒಬ್ಬರಿಗೆ ವರ್ಷದೊಳಗೆ ಸಾಧ್ಯವಿರುವ ಕೆಲಸ. ಹಸ್ತಾಂತರದ ಬಗ್ಗೆ ಎಷ್ಟು ಸಭೆ ನಡೆಯಿತು ಎಂದು ಕೇಳಿ.

ಮೇಯರ್ ಇದ್ದೂ ಏನು ಪ್ರಯೋಜನ ಎನ್ನುವವರು ಬೆಂಗಳೂರನ್ನು ನೋಡಲಿ. ಅಲ್ಲಿನ ಚುನಾಯಿತ ಸದನದ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ಬಂದ ಬಿಬಿಎಂಪಿ (ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ) ಕಾಯ್ದೆ ಮೇಯರ್ ಅವಧಿಯನ್ನು 30 ತಿಂಗಳಿಗೆ ಏರಿಸಿತು. ಆ 30 ತಿಂಗಳು ಆಳಲು ಒಬ್ಬ ಮೇಯರ್ ಕೂಡ ಬರಲಿಲ್ಲ. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು.

ಕಾಗದಪತ್ರ ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್, ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಗಡುವು 30 ದಿನ. "ಪಾಲಿಕೆಯ ಸಾಧನೆ ತಿಳಿಸಿ" ಎಂದು ಬರೆದರೆ ಏನೂ ಬರುವುದಿಲ್ಲ. "ಇಂಥ ತಿಂಗಳಿನಿಂದ ಇಂಥ ತಿಂಗಳವರೆಗಿನ ಸಾಮಾನ್ಯ ಸಭೆಗಳ ನಡಾವಳಿಯ ದೃಢೀಕೃತ ಪ್ರತಿ" ಎಂದು ಬರೆಯಿರಿ.

ಸಾಧ್ಯವಾದರೆ ಒಂದು ಸಭೆಗಾದರೂ ಬನ್ನಿ. ಪರಿಷತ್ ವಿಭಾಗದಲ್ಲಿ ಹಿಂದಿನ ದಿನವೇ ಗ್ಯಾಲರಿ ಪಾಸ್ ಕೇಳಿ. ಹನ್ನೊಂದಕ್ಕೆ ಎಂದಿದ್ದರೆ ಹನ್ನೆರಡಕ್ಕೆ ಶುರುವಾಗುತ್ತದೆ. ತಿಂಡಿ ತಿಂದು ಬನ್ನಿ. ಕೂಗಾಡುವವರ ಕಡೆ ನೋಡಬೇಡಿ, ಅದು ಗ್ಯಾಲರಿಗಾಗಿಯೇ ನಡೆಯುವುದು. ಪೀಠದ ಮೇಲಿರುವವರ ಎದುರು ಕಾರ್ಯಸೂಚಿಯ ಹಾಳೆ ಮಡಚಿಟ್ಟಂತೆಯೇ ಇದೆಯೇ, ಅಂಚಿನಲ್ಲಿ ಏನಾದರೂ ಗೀಚಿದ್ದಾರೆಯೇ ನೋಡಿ. ಗ್ಯಾಲರಿಯ ಮೊದಲ ಸಾಲಿನ ಎಡ ತುದಿಯಲ್ಲಿ ಕೂತರೆ ಅದು ಕಾಣುತ್ತದೆ.